ಪರಿಶೀಲಿಸಲಾಗಿದೆ

ಎರಡನೇ ಬಕೆಟ್ಟಿಗೇ ಉಗುರುಬೆಚ್ಚಗೆ.
ಕೆಂಪಾಜಮ್ಮ ಬಚ್ಚಲಿಂದಲೇ ಕೂಗಿದಳು:
"ಇದೇನ್ ಮೇಷ್ಟ್ರೇ, ನೀರಾ ಕಣ್ಣೀರಾ?
ಬಾಣಂತಿ ಬೆನ್ನಿಗೆ ಹುಯ್ಯೋ ನೀರು
ಹುಯ್ಯೋಳ ಕೈನ ಮೊದ್ಲು ಸುಡ್ಬೇಕು."

ನಾನು ಮೇಷ್ಟರಲ್ಲ. ಅವಳಿಗೆ ಹೇಳಿ ಪ್ರಯೋಜನವಿಲ್ಲ.
ಮಗಳು ಒಳಗೆ ಹರಳೆಣ್ಣೆಯಲ್ಲಿ ನೆಂದು ಕೂತಿದ್ದಾಳೆ,
ನಾನು ಹೊರಗೆ, ಬಾಗಿಲಿಗೆ ಬೆನ್ನು ಕೊಟ್ಟು
ಗೀಸರಿನ ಪರ ವಾದಿಸುತ್ತಿದ್ದೇನೆ:
ಕೆಂಪು ದೀಪ ಉರೀತಾನೇ ಇದೆಯಲ್ಲ.

"ದೇವ್ರ ಮುಂದೇನೂ ಉರೀತದೆ."

ಗುತ್ತಲಿನಿಂದ ಸಲಾವುದ್ದೀನ್ ಬಂದ.
ಮೇನು ಆಫ್ ಮಾಡಿದ, ಟೆಸ್ಟರು ಇಟ್ಟು ನೋಡಿದ,
ಆಫ್ ಮಾಡಿದ್ದನ್ನೇ ಇನ್ನೊಮ್ಮೆ ನೋಡಿದ,
ಆಮೇಲೆ ಟೀ ಕೇಳಿದ. "ಟ್ಯಾಂಕು ಆರಬೇಕು ಸಾರ್,
ಟೀ ಆರೋದು ಬೇಡ.
ಯಾವಾಗ ಸರ್ವೀಸ್ ಮಾಡ್ಸಿದ್ದು?"

ಇಪ್ಪತ್ತಾರು ವರ್ಷದಿಂದ ನಾನು
ಇದೇ ಮಂಡ್ಯದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರು.
ಪ್ರತಿ ಮಾರ್ಚಿಗೆ ದಾಸ್ತಾನು ಪುಸ್ತಕದಲ್ಲಿ
ಪಿಪೆಟ್ಟು, ಬ್ಯುರೆಟ್ಟು, ತಕ್ಕಡಿ, ತೂಕದ ಬಟ್ಟು,
ಎಲ್ಲದರ ಎದುರಿಗೂ 'ಪರಿಶೀಲಿಸಲಾಗಿದೆ' ಎಂದು ಬರೆದು
ಬೀರು ತೆರೆಯದೆಯೇ ರುಜು ಹಾಕುವವನು.
ಲೋಟದ ತಳದಲ್ಲಿ ಉತ್ತರ ಹುಡುಕಿದೆ.

ಅಡಿಯ ಪ್ಲೇಟು ಕಳಚಿದಾಗ ಮೊದಲು ಬಂದದ್ದು ಸದ್ದು,
ಮೊರಕ್ಕೆ ಹುರಿಗಡಲೆ ಸುರಿದ ಹಾಗೆ.
ಆಮೇಲೆ ಬಿಳಿ ಚಕ್ಕೆ, ಚಕ್ಕೆಯ ಹಿಂದೆ ಕೆಸರು,
ಕಡೆಗೆ ಕಾಯಿಲು,
ಸುಣ್ಣದ ಶಾಲು ಹೊದ್ದು ಗುರುತೇ ಸಿಗದ ನೆಂಟನಂತೆ.
ವಾರಕ್ಕೆರಡು ದಿನ ನಲ್ಲಿಯಲ್ಲಿ ಕಾವೇರಿ, ಮಿಕ್ಕ ದಿನ ಬೋರು.
ಬೋರಿನ ಒಂದೊಂದು ಕೊಡವೂ ಹೋಗುವಾಗ
ಚಿಟಿಕೆ ಚಿಟಿಕೆ ಇಟ್ಟೇ ಹೋಗಿದೆ.
ಇಷ್ಟು ದಿನ ಕರೆಂಟು ಬಿಲ್ಲು ಕಟ್ಟಿ
ನಾನು ಕಲ್ಲಿಗೆ ಸ್ನಾನ ಮಾಡಿಸುತ್ತಿದ್ದೆ.

ಕೆಂಪಾಜಮ್ಮ ಒಂದು ಚಕ್ಕೆ ಎತ್ತಿ ಉಜ್ಜಿ ನೋಡಿದಳು:
"ಎಲೆಗೆ ಆಯ್ತದಾ?"
"ಹಲ್ಲು ಹೋಯ್ತದೆ ಅಜ್ಜಿ."
"ಹೋಗಕ್ಕೆ ಇರಬೇಕಲ್ಲ."

ಇನ್ನೊಂದು ತೂತಿನಿಂದ ಅವನು ಒಂದು ಕಡ್ಡಿ ಎಳೆದ.
"ಹಾಕಿದಾಗ ಹೆಬ್ಬೆರಳು ದಪ್ಪ ಇತ್ತು ಸಾರ್. ಮೆಗ್ನೀಷಿಯಂ.
ನೀರು ಟ್ಯಾಂಕನ್ನ ತಿನ್ನಬಾರದು ಅಂತ
ತಿನ್ನಕ್ಕೆ ಇದನ್ನ ಕೊಡೋದು."
ಈಗ ಬರೀ ತಂತಿ. ಅಲ್ಲಲ್ಲಿ ಎರಡು ಮೂರು ಗಂಟು,
ಹುಣಸೆಹಣ್ಣು ಚೀಪಿ ಬಿಸಾಕಿದ ನಾರು.

ಮೆಗ್ನೀಷಿಯಂ ನನಗೆ ಗೊತ್ತು.
ವರ್ಷ ವರ್ಷ ಪಿಯುಸಿ ಮಕ್ಕಳ ಮುಂದೆ
ಅದರ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಹಚ್ಚುತ್ತೇನೆ.
ಕಣ್ಣು ಕುಕ್ಕುವ ಬೆಳಕು. ಹುಡುಗರು ಹೋ ಎನ್ನುತ್ತಾರೆ.
ಉಳಿಯುವುದು ಚಿಟಿಕೆ ಬೂದಿ.
ಅದೇ ಲೋಹ ಇಲ್ಲಿ, ನನ್ನ ನೆತ್ತಿಗೆ ಎರಡಡಿ ಮೇಲೆ,
ಕತ್ತಲ ನೀರಿನಲ್ಲಿ ಆರು ವರ್ಷ
ಬೆಳಕಿಲ್ಲದೆ ಉರಿದಿದೆ.
ಯಾರೂ ಹೋ ಎನ್ನಲಿಲ್ಲ.
ನಾನು ಸೋಪು ಹಚ್ಚಿಕೊಳ್ಳುತ್ತಿದ್ದೆ.

ಹೊಸ ಕಡ್ಡಿ, ಹೊಸ ವಾಷರು, ಕಾಯಿಲಿಗೆ ಆಸಿಡ್ಡಿನ ಅಭ್ಯಂಜನ.
ವಾಲ್ವಿನ ಕಿವಿ ಹಿಂಡಿದ, ಅದು ಪಿಚ್ ಎಂದು ಉಗುಳಿತು.
"ಉಗುಳ್ತಾ ಇರ್ಬೇಕು ಸಾರ್, ಒಳಗೇ ನುಂಗಿದ್ರೆ ಕಷ್ಟ.
ವರ್ಷಕ್ಕೊಂದ್ಸಲ ಕರೀರಿ.
ಕರೀದಿದ್ರೂ ನನಗೆ ಲಾಸಿಲ್ಲ, ಹೊಸಾದು ಮಾರ್ತೀನಿ."

ಅವನು ಹೋದ ಮೇಲೆ ಸ್ಟೂಲು ಹತ್ತಿ
ಲ್ಯಾಬಿನಿಂದ ತಂದಿದ್ದ, ಗಾಜಿನ ಮೇಲೆ ಬರೆಯುವ ಪೆನ್ಸಿಲಿನಿಂದ
ಗೀಸರಿನ ಪಕ್ಕೆಯಲ್ಲಿ ತಾರೀಖು ಬರೆದೆ,
ಕೈ ಅಭ್ಯಾಸಕ್ಕೆ 'ಪರಿಶೀಲಿಸಲಾಗಿದೆ' ಎಂದೂ ಬರೆದೆ.
ಹೆಬ್ಬೆರಳಿಗೆ ಉಗುಳು ತಾಗಿಸಿ ಒರೆಸಿ,
'ನೋಡಿದೆ' ಎಂದು ತಿದ್ದಿದೆ.

ಬೆಳಿಗ್ಗೆ. ಬಾಗಿಲ ಸಂದಿಯಿಂದ ಹಬೆ.
ಮೂರನೇ ಬಕೆಟ್ಟು. ಮೊಮ್ಮಗು ಸೀನಿತು.
ಒಳಗಿಂದ ಕೆಂಪಾಜಮ್ಮ,
ಜೀವಮಾನದಲ್ಲಿ ಯಾರನ್ನೂ ಹೊಗಳದ ಆ ಗಂಟಲು:
"ಮೇಷ್ಟ್ರೇ, ಒಂದ್ ಚೆಂಬು ತಣ್ಣೀರ್ ಕೊಡಿ."